ಯುದ್ಧೋತ್ತರ ಶ್ರೀಲಂಕಾ: ಉಗ್ರವಾದ ಮತ್ತು ಭದ್ರತೆಯ ಸಮಸ್ಯೆ

ಶ್ರೀಲಂಕಾದಲ್ಲಿ 26 ವರ್ಷ ನಡೆದ ಅಂತರ್ಯುದ್ಧ 2009ರ ಮೇ ತಿಂಗಳಲ್ಲಿ ಈಶಾನ್ಯ ಕರಾವಳಿಯ ಮುಳ್ಳಿವಾಯ್ಕಾಲ್‌ನಲ್ಲಿ, ನಂದಿಕಡಲ್ ಹಿನ್ನೀರಿನ ದಂಡೆಯ ಮೇಲೆ ಮುಗಿಯಿತು. ತಮಿಳು ಹುಲಿಗಳ ಸಂಘಟನೆಯಾದ ಎಲ್‌ಟಿಟಿಇಯ ನಾಯಕ ವೇಲುಪಿಳ್ಳೈ ಪ್ರಭಾಕರನ್ ಶವ ಮೇ 19ರಂದು ಸಿಕ್ಕಿತು. ಆಮೇಲೆ ಆ ಸಂಘಟನೆಯ ಹೆಸರಿನಲ್ಲಿ ದ್ವೀಪದಲ್ಲಿ ಒಂದೂ ದೊಡ್ಡ ದಾಳಿ ನಡೆದಿಲ್ಲ. ಆದರೆ ಮುಂದಿನ ಹತ್ತು ವರ್ಷಗಳಲ್ಲಿ ಬೇರೆ ಎರಡು ಬಗೆಯ ಉಗ್ರವಾದಗಳು ತಲೆ ಎತ್ತಿದವು. ಒಂದು ಗೆದ್ದವರ ಪಾಳಯದೊಳಗೇ ಬೆಳೆಯಿತು. ಇನ್ನೊಂದು, ಯುದ್ಧದುದ್ದಕ್ಕೂ ಬಹುಮಟ್ಟಿಗೆ ಸರ್ಕಾರದ ಪರವಾಗಿದ್ದ ಮುಸ್ಲಿಂ ಸಮುದಾಯದ ಅಂಚಿನಲ್ಲಿ ಹುಟ್ಟಿ 2019ರ ಈಸ್ಟರ್ ಭಾನುವಾರದಂದು ಸ್ಫೋಟಿಸಿತು. ಭದ್ರತಾ ವ್ಯವಸ್ಥೆಯ ಕಣ್ಣು ಅಷ್ಟೂ ಹೊತ್ತು ಉತ್ತರದ ತಮಿಳರ ಮೇಲೇ ನೆಟ್ಟಿತ್ತು. ಜಾಫ್ನಾ ಬಳಿಯ ಕೋಪಾಯ್‌ನಲ್ಲಿ ಎಲ್‌ಟಿಟಿಇ ಸತ್ತವರ ಸ್ಮಶಾನವನ್ನು ನೆಲಸಮ ಮಾಡಿ ಅದರ ಮೇಲೆಯೇ ಸೇನೆಯ ಕಚೇರಿ ಕಟ್ಟಲಾಯಿತು. ಸತ್ತ ಶತ್ರುವಿನ ಗೋರಿ ಕಾಯುವುದು ಎಂಬ ಮಾತು ಅಲ್ಲಿ ಅಕ್ಷರಶಃ ನಿಜವಾಗಿತ್ತು.

ಹಿನ್ನೆಲೆ

2012ರ ಜನಗಣತಿಯ ಪ್ರಕಾರ ದ್ವೀಪದ ಸುಮಾರು 2 ಕೋಟಿ ಜನರಲ್ಲಿ ಮುಕ್ಕಾಲು ಪಾಲು ಸಿಂಹಳರು, ಹೆಚ್ಚಿನವರು ಬೌದ್ಧರು. ಲಂಕಾ ತಮಿಳರು ಶೇ 11ರಷ್ಟು, ಮುಸ್ಲಿಮರು ಶೇ 9ಕ್ಕಿಂತ ತುಸು ಹೆಚ್ಚು, ಚಹಾ ತೋಟಗಳಿಗೆ ಭಾರತದಿಂದ ಬಂದ ತಮಿಳರ ವಂಶಸ್ಥರು ಶೇ 4ರಷ್ಟು. ಮುಸ್ಲಿಮರಲ್ಲಿ ಬಹುಪಾಲು ಜನರ ಮನೆಮಾತು ತಮಿಳು. ಆದರೆ ಅವರು ತಮ್ಮನ್ನು ತಮಿಳರೆಂದು ಕರೆದುಕೊಳ್ಳುವುದಿಲ್ಲ. ಈ ಒಂದು ಸಂಗತಿಯನ್ನು ನೆನಪಿಡದೆ ಲಂಕೆಯ ರಾಜಕೀಯ ಅರ್ಥವಾಗುವುದು ಕಷ್ಟ.

1956ರ ಸಿಂಹಳ ಭಾಷಾ ಕಾಯ್ದೆ, 1970ರ ದಶಕದಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ತಂದ ಹೊಸ ನಿಯಮ, 1981ರಲ್ಲಿ ಸುಮಾರು 97,000 ಪುಸ್ತಕ ಮತ್ತು ಹಸ್ತಪ್ರತಿಗಳೊಡನೆ ಸುಟ್ಟುಹೋದ ಜಾಫ್ನಾ ಗ್ರಂಥಾಲಯ, 1983ರ ಜುಲೈನಲ್ಲಿ ಕೊಲಂಬೊದ ಬೀದಿಗಳಲ್ಲಿ ನಡೆದ ತಮಿಳರ ಹತ್ಯೆ: ಯುದ್ಧದ ದಾರಿ ಹೀಗೆ ಸಾಗಿ ಬಂತು. ಸತ್ತವರು 80,000ದಿಂದ 1 ಲಕ್ಷ ಎಂಬುದು ಸಾಮಾನ್ಯ ಅಂದಾಜು. ಕೊನೆಯ ತಿಂಗಳುಗಳಲ್ಲೇ 40,000ದವರೆಗೆ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಸರ್ಕಾರ ಅದನ್ನು ಒಪ್ಪಲಿಲ್ಲ.

ಕನ್ನಡಿಗರಿಗೆ ಈ ಯುದ್ಧ ಪತ್ರಿಕೆಯ ವಿದೇಶ ಪುಟದ ಸುದ್ದಿಯಾಗಿಯಷ್ಟೇ ಉಳಿಯಲಿಲ್ಲ. ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಕೊಂದ ಎಲ್‌ಟಿಟಿಇ ತಂಡದ ಶಿವರಾಸನ್ ಮತ್ತು ಸಂಗಡಿಗರು ಬೆಂಗಳೂರಿನ ಕೋಣನಕುಂಟೆಯ ಬಾಡಿಗೆ ಮನೆಯೊಂದರಲ್ಲಿ ಅಡಗಿದ್ದು, 1991ರ ಆಗಸ್ಟ್ 20ರಂದು ಕಮಾಂಡೊಗಳು ಒಳನುಗ್ಗುವಷ್ಟರಲ್ಲಿ ಹೆಣವಾಗಿದ್ದರು. 2006ರಲ್ಲಿ ಬಂದ ‘ಸೈನೈಡ್’ ಕನ್ನಡ ಚಿತ್ರದ ವಸ್ತು ಇದೇ.

ಗೆದ್ದ ಮೇಲೆ ಮಾಡಿದ್ದು, ಮಾಡದೆ ಬಿಟ್ಟದ್ದು

ಯುದ್ಧ ನಿಂತ ದೇಶಗಳು ಎದುರಿಸುವ ಮೊದಲ ಪ್ರಶ್ನೆ ಬಂದೂಕು ಹಿಡಿದಿದ್ದವರನ್ನು ಏನು ಮಾಡುವುದು ಎಂಬುದು. ಈ ಕೆಲಸವನ್ನು ಶ್ರೀಲಂಕಾ ಅನೇಕ ದೇಶಗಳಿಗಿಂತ ಚೆನ್ನಾಗಿಯೇ ಮಾಡಿತು. ಶರಣಾದ ಅಥವಾ ಸೆರೆ ಸಿಕ್ಕ ಸುಮಾರು 12,000 ಎಲ್‌ಟಿಟಿಇ ಸದಸ್ಯರನ್ನು ಪುನರ್ವಸತಿ ಕೇಂದ್ರಗಳಲ್ಲಿಟ್ಟು ಬಡಗಿ ಕೆಲಸ, ಹೊಲಿಗೆ, ಯಂತ್ರ ದುರಸ್ತಿ, ಸಿಂಹಳ ಭಾಷೆ ಕಲಿಸಿ ಕೆಲವೇ ವರ್ಷಗಳಲ್ಲಿ ಮನೆಗೆ ಕಳಿಸಲಾಯಿತು. ಅವರಲ್ಲಿ 594 ಮಂದಿ ಮಕ್ಕಳಾಗಿದ್ದಾಗಲೇ ಹುಲಿಗಳ ಸೇನೆಗೆ ಸೇರಿಸಲ್ಪಟ್ಟವರು. ಇವರಲ್ಲಿ ಹಲವರನ್ನು ಕೊಲಂಬೊ ಹೊರವಲಯದ ರತ್ಮಲಾನ ಹಿಂದೂ ಕಾಲೇಜಿಗೆ ಸೇರಿಸಿ ಪರೀಕ್ಷೆ ಬರೆಸಲಾಯಿತು. ನೆಲಬಾಂಬ್ ತೆಗೆಯುವ ಕೆಲಸವೂ ಹೀಗೆಯೇ ತಾಳ್ಮೆಯಿಂದ ಸಾಗಿತು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಎಷ್ಟೋ ಹೆಂಗಸರು ಮುಖಕ್ಕೆ ಪ್ಲಾಸ್ಟಿಕ್ ಕವಚ ಹಾಕಿ, ಬಿಸಿಲಿನಲ್ಲಿ ಮಂಡಿಯೂರಿ, ಅಂಗುಲ ಅಂಗುಲ ಮಣ್ಣು ಕೆರೆಯುತ್ತಾ ಸಂಬಳ ದುಡಿದರು. ವವುನಿಯಾ ಬಳಿಯ ಮೆನಿಕ್ ಫಾರ್ಮ್ ಶಿಬಿರದಲ್ಲಿ ಒಂದು ಹಂತದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನಿರಾಶ್ರಿತರನ್ನು ಮುಳ್ಳುತಂತಿಯ ಹಿಂದೆ ಇರಿಸಲಾಗಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಅದೂ ಮುಚ್ಚಿತು.

ಇಷ್ಟು ಲೆಕ್ಕಕ್ಕೆ ಸಿಗುವ ಕೆಲಸ. ಲೆಕ್ಕಕ್ಕೆ ಸಿಗದ್ದು ಹಾಗೆಯೇ ಉಳಿಯಿತು. ಸೇನೆಗೆ ಶರಣಾದ ಮೇಲೆ ಕಾಣೆಯಾದವರು ಎಲ್ಲಿ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಸರ್ಕಾರವೇ ನೇಮಿಸಿದ ಪಾಠ ಮತ್ತು ಸಾಮರಸ್ಯ ಆಯೋಗ 2011ರಲ್ಲಿ ವರದಿ ಕೊಟ್ಟಿತು. 2015ರಲ್ಲಿ ಜಿನೀವಾದ ಮಾನವ ಹಕ್ಕು ಮಂಡಳಿಯ ನಿರ್ಣಯಕ್ಕೆ ಲಂಕೆ ತಾನೇ ಸಹಪ್ರಾಯೋಜಕನಾಯಿತು, 2020ರಲ್ಲಿ ಅದರಿಂದ ಹಿಂದೆ ಸರಿಯಿತು. ನಾಪತ್ತೆಯಾದವರ ಕಚೇರಿ ಎಂಬುದೊಂದು 2018ರಲ್ಲಿ ಶುರುವಾಯಿತು. ಅದಕ್ಕೂ ಮೊದಲೇ, 2017ರ ಫೆಬ್ರವರಿಯಲ್ಲಿ, ಕಿಲಿನೊಚ್ಚಿಯ ರಸ್ತೆ ಬದಿಯಲ್ಲಿ ಶೆಡ್ ಹಾಕಿಕೊಂಡು ಮಕ್ಕಳ ಫೋಟೊ ಹಿಡಿದು ಕುಳಿತ ತಾಯಂದಿರ ಧರಣಿ ವರ್ಷಗಟ್ಟಲೆ ನಡೆಯಿತು. ಕೆಲವರು ಕಾಯುತ್ತಲೇ ತೀರಿಕೊಂಡರು.

ಸೇನೆ ಮಾತ್ರ ಕರಗಲಿಲ್ಲ. ಯುದ್ಧ ಮುಗಿದು 13 ವರ್ಷ ಕಳೆದು, ದೇಶ ದಿವಾಳಿಯಾದ ಮೇಲಷ್ಟೇ, 2 ಲಕ್ಷ ದಾಟಿದ್ದ ಸೈನಿಕರ ಸಂಖ್ಯೆಯನ್ನು 2030ರೊಳಗೆ 1 ಲಕ್ಷಕ್ಕೆ ಇಳಿಸುವ ತೀರ್ಮಾನ ಹೊರಬಿತ್ತು. ಅಲ್ಲಿಯವರೆಗೆ ಉತ್ತರದಲ್ಲಿ ಸೈನಿಕರು ತರಕಾರಿ ಬೆಳೆದರು, ಹೋಟೆಲ್ ನಡೆಸಿದರು, ಮಕ್ಕಳಿಗೆ ಬಾಲವಾಡಿ ತೆರೆದರು. ಜನರ ಜಮೀನಿನ ಮೇಲೆ ಶಿಬಿರಗಳು ನಿಂತಿದ್ದವು. ಇದನ್ನೆಲ್ಲ ಭದ್ರತೆ ಎಂದು ಕರೆಯಲಾಗುತ್ತಿತ್ತು.

ಗೆದ್ದವರ ಭಯ

ಬಹುಸಂಖ್ಯಾತರು ಯುದ್ಧ ಗೆದ್ದ ಮೇಲೆ ನಿರಾಳರಾಗುತ್ತಾರೆ ಎಂದುಕೊಳ್ಳುವುದು ಸಹಜ. ಲಂಕೆಯಲ್ಲಿ ಆದದ್ದು ತಿರುಗುಮುರುಗು. ತಮಿಳು ಹುಲಿಗಳಿಲ್ಲದ ಜಾಗಕ್ಕೆ ಇನ್ನೊಬ್ಬ ಶತ್ರು ಬೇಕಾಯಿತು. 2012ರಲ್ಲಿ ಹುಟ್ಟಿದ ಬೋದು ಬಲ ಸೇನಾ, ಅಂದರೆ ಬೌದ್ಧ ಶಕ್ತಿ ಸೇನೆ, ಆ ಶತ್ರುವನ್ನು ಮುಸ್ಲಿಮರಲ್ಲಿ ಕಂಡುಕೊಂಡಿತು. ಅದರ ಮುಂದಾಳು ಗಲಗೊಡ ಅತ್ತೆ ಜ್ಞಾನಸಾರ ಎಂಬ ಭಿಕ್ಷು. ಮೊದಲು ಹಲಾಲ್ ಮುದ್ರೆಯ ವಿರುದ್ಧ ಗದ್ದಲ ಎದ್ದಿತು. 2013ರಲ್ಲಿ, ಆ ಮುದ್ರೆ ಕೊಡುತ್ತಿದ್ದ ಮುಸ್ಲಿಂ ಧರ್ಮಗುರುಗಳ ಸಂಘಟನೆ ಅದರಿಂದ ಹಿಂದೆ ಸರಿಯಿತು. ಗದ್ದಲ ನಿಲ್ಲಲಿಲ್ಲ. 2014ರ ಜೂನ್‌ನಲ್ಲಿ ಅಳುತ್‌ಗಮ ಎಂಬ ಕರಾವಳಿ ಪಟ್ಟಣದಲ್ಲಿ ಈ ಸಂಘಟನೆಯ ಸಭೆ ಮುಗಿದ ಬೆನ್ನಿಗೇ ಮುಸ್ಲಿಮರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು.

ಈ ಭಯ ಹೇಗಿತ್ತೆಂಬುದಕ್ಕೆ ಅಂಪಾರ ಪಟ್ಟಣದ ಒಂದು ಸಣ್ಣ ಹೋಟೆಲು ಸಾಕ್ಷಿ. ದಿನಾಂಕ 2018ರ ಫೆಬ್ರವರಿ 26. ಊಟಕ್ಕೆ ಕೂತ ಸಿಂಹಳ ಗಿರಾಕಿಯೊಬ್ಬನಿಗೆ ಸಾರಿನಲ್ಲಿ ಬಿಳಿಯ ಗಂಟೊಂದು ಸಿಕ್ಕಿತು. ಬೇಯದೆ ಉಳಿದ ಹಿಟ್ಟಿನ ಉಂಡೆ. ಆದರೆ ಮುಸ್ಲಿಂ ಹೋಟೆಲಿನವರು ಸಿಂಹಳರ ಊಟಕ್ಕೆ ಬಂಜೆತನದ ಮಾತ್ರೆ ಬೆರೆಸುತ್ತಾರೆಂಬ ಗಾಳಿಸುದ್ದಿ ಫೇಸ್‌ಬುಕ್ಕಿನಲ್ಲಿ ಆಗಲೇ ಓಡಾಡುತ್ತಿತ್ತು. ಜನ ಸೇರಿದರು. ಮಾತ್ರೆ ಹಾಕಿದ್ದೀಯಾ ಎಂದು ಮಾಲೀಕನನ್ನು ಗದರಿದರು. ಆತನಿಗೆ ಬರುತ್ತಿದ್ದುದು ತಮಿಳು; ಸಿಂಹಳ ಅಷ್ಟಕ್ಕಷ್ಟೆ. ಗಂಟು ಹಿಟ್ಟಿನದೋ ಎಂದು ಕೇಳುತ್ತಿದ್ದಾರೆಂದುಕೊಂಡು ಹೌದು ಎಂದ. ಆ ‘ಹೌದು’ ಮೊಬೈಲಿನಲ್ಲಿ ಚಿತ್ರೀಕರಣವಾಗಿ ದೇಶವೆಲ್ಲ ಹರಿದಾಡಿತು. ಹೋಟೆಲು ನಾಶವಾಯಿತು, ಹತ್ತಿರದ ಮಸೀದಿಯ ಮೇಲೂ ದಾಳಿಯಾಯಿತು. ಹಾಗೆ ಬಂಜೆ ಮಾಡುವ ಮಾತ್ರೆ ಎಂಬುದೇ ಜಗತ್ತಿನಲ್ಲಿಲ್ಲ ಎಂದು ತಜ್ಞರು ಹೇಳಿದ್ದು ಆಮೇಲೆ. 1956ರಲ್ಲಿ ಶುರುವಾದ ಭಾಷೆಯ ಜಗಳಕ್ಕೂ 2018ರ ಈ ಒಂದು ಪದಕ್ಕೂ ನಂಟಿಲ್ಲ ಎನ್ನಲಾಗದು.

ವಾರ ಕಳೆಯುವುದರೊಳಗೆ ಕ್ಯಾಂಡಿ ಜಿಲ್ಲೆಯ ದಿಗನ ಹೊತ್ತಿಕೊಂಡಿತು. ಜಗಳವೊಂದರಲ್ಲಿ ಮುಸ್ಲಿಂ ಯುವಕರಿಂದ ಪೆಟ್ಟು ತಿಂದಿದ್ದ ಸಿಂಹಳ ಲಾರಿ ಚಾಲಕ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ನೆಪವಾಯಿತು. ಮಾರ್ಚ್ 6ರಂದು ತುರ್ತುಸ್ಥಿತಿ ಘೋಷಣೆಯಾಯಿತು, ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಿಗೆ ಬೀಗ ಬಿತ್ತು. ಸಿಂಹಳದಲ್ಲಿ ಬರುತ್ತಿದ್ದ ದ್ವೇಷದ ಬರಹಗಳನ್ನು ಓದಿ ತೆಗೆದುಹಾಕಬಲ್ಲ ಸಾಕಷ್ಟು ಜನ ಫೇಸ್‌ಬುಕ್ ಕಂಪನಿಯಲ್ಲಿರಲಿಲ್ಲ. ಕಂಪನಿ 2020ರಲ್ಲಿ ಕ್ಷಮೆ ಕೇಳಿತು.

ಕಾತ್ತಾನ್‌ಕುಡಿ

ಪೂರ್ವ ಕರಾವಳಿಯಲ್ಲಿ, ಮಟ್ಟಕ್ಕಳಪ್ಪಿಗೆ ಹತ್ತಿಕೊಂಡಂತೆ ಸಮುದ್ರಕ್ಕೂ ಹಿನ್ನೀರಿಗೂ ನಡುವಿನ ಸಪೂರ ಪಟ್ಟಿಯಲ್ಲಿ ಕಾತ್ತಾನ್‌ಕುಡಿ ಇದೆ. ಹೆಚ್ಚುಕಮ್ಮಿ ಪೂರ್ತಿ ಮುಸ್ಲಿಮರ ಊರು. ಮುಖ್ಯ ರಸ್ತೆಯ ನಡುವೆ ಖರ್ಜೂರದ ಮರಗಳನ್ನು ನೆಟ್ಟಿದ್ದಾರೆ, ಫಲಕಗಳಲ್ಲಿ ಅರಬ್ಬಿ ಅಕ್ಷರವೂ ಇತ್ತು. ಈಸ್ಟರ್ ದಾಳಿಯ ನಂತರ ಬಂದ ವರದಿಗಾರರೆಲ್ಲ ಈ ಖರ್ಜೂರದ ಮರಗಳನ್ನು ಬರೆದುಕೊಂಡು ಹೋದರು. ಅದೇ ಊರಿನ ಮಸೀದಿಯ ಗೋಡೆಯಲ್ಲಿ ಉಳಿಸಿಕೊಂಡಿರುವ ಗುಂಡಿನ ತೂತುಗಳನ್ನು ನೋಡಿದವರು ಕಡಿಮೆ. 1990ರ ಆಗಸ್ಟ್ 3ರ ಶುಕ್ರವಾರ ಸಂಜೆ ನಮಾಜಿಗೆ ಬಾಗಿದ್ದವರ ಮೇಲೆ ಎಲ್‌ಟಿಟಿಇ ಬಂದೂಕುಧಾರಿಗಳು ಗುಂಡು ಹಾರಿಸಿ ನೂರಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಂದಿದ್ದರು. ಅದೇ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತದ 70,000ಕ್ಕೂ ಹೆಚ್ಚು ಮುಸ್ಲಿಮರನ್ನು ಹೊರದಬ್ಬಿತು. ಜಾಫ್ನಾದವರಿಗೆ ಸಿಕ್ಕಿದ್ದು ಎರಡು ಗಂಟೆಯ ಗಡುವು. ಹೆಚ್ಚಿನವರು ಪುತ್ತಲಂ ಕಡೆಯ ತೆಂಗಿನ ತೋಟಗಳ ನಡುವೆ ಗುಡಿಸಲು ಕಟ್ಟಿಕೊಂಡರು. ಯುದ್ಧದ ಚರಿತ್ರೆ ಬರೆಯುವಾಗ ಇವರು ಅಡಿಟಿಪ್ಪಣಿಯಾಗುತ್ತಾರೆ.

ಸರ್ಕಾರ ಪೂರ್ವದ ಮುಸ್ಲಿಮರಿಗೆ ಗೃಹರಕ್ಷಕ ದಳವೆಂದು ಬಂದೂಕು ಕೊಟ್ಟಿತು. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ಹಣದ ಜತೆಗೆ ಧರ್ಮದ ಹೊಸ ವ್ಯಾಖ್ಯಾನವನ್ನೂ ತಂದರು. ಊರಿನ ಹಳೆಯ ಸೂಫಿ ಪಂಥದವರಿಗೂ ‘ತೌಹೀದ್’ ಎಂದು ಹೇಳಿಕೊಳ್ಳುವ ಸುಧಾರಣಾವಾದಿಗಳಿಗೂ ಹೊಡೆದಾಟ ಶುರುವಾಯಿತು. ಈಸ್ಟರ್ ದಾಳಿಯ ಮುಂದಾಳು ಜಹ್ರಾನ್ ಹಾಶಿಂ ಬೆಳೆದದ್ದು ಈ ಕಚ್ಚಾಟದೊಳಗೆ. ಬಡ ಮನೆಯ ಹುಡುಗ, ಗಟ್ಟಿ ಗಂಟಲು, ಗುರುಗಳೊಡನೆ ವಾದಕ್ಕಿಳಿದು ಮದರಸಾದಿಂದ ಹೊರಬಿದ್ದವನು. ತನ್ನದೇ ನ್ಯಾಷನಲ್ ತೌಹೀದ್ ಜಮಾತ್ ಕಟ್ಟಿಕೊಂಡ. 2017ರ ಮಾರ್ಚ್‌ನಲ್ಲಿ ಸೂಫಿಗಳೊಡನೆ ನಡೆದ ಘರ್ಷಣೆಯಾದ ಮೇಲೆ ತಲೆಮರೆಸಿಕೊಂಡು, ಆಮೇಲೆ ವಿಡಿಯೊಗಳಲ್ಲಿ ಮಾತ್ರ ಕಾಣಿಸಿಕೊಂಡ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅವನ ಬಗ್ಗೆ ಮೊದಲು ದೂರು ಕೊಟ್ಟವರು ಮುಸ್ಲಿಮರೇ. ಕಾತ್ತಾನ್‌ಕುಡಿಯ ಸೂಫಿಗಳು ಅವನನ್ನು ಬಂಧಿಸಿ ಎಂದು ಬೀದಿಗಿಳಿದರು, ಧರ್ಮಗುರುಗಳ ಸಂಘಟನೆ ಅಧಿಕಾರಿಗಳಿಗೆ ಮಾಹಿತಿ ಮುಟ್ಟಿಸಿತು. 2018ರ ಡಿಸೆಂಬರ್‌ನಲ್ಲಿ ಮಾವನೆಲ್ಲದಲ್ಲಿ ಬುದ್ಧನ ವಿಗ್ರಹಗಳನ್ನು ಒಡೆದ ಪ್ರಕರಣದ ಜಾಡು ಹಿಡಿದು ಹೋದ ಪೊಲೀಸರಿಗೆ ಜನವರಿಯಲ್ಲಿ ಪುತ್ತಲಂ ಜಿಲ್ಲೆಯ ವನಾತವಿಲ್ಲುವದ ತೆಂಗಿನ ತೋಟವೊಂದರಲ್ಲಿ ಸುಮಾರು 100 ಕಿಲೊ ಸ್ಫೋಟಕ ಸಿಕ್ಕಿತು. ಅಷ್ಟರಲ್ಲಿ, ಅವನ ಬೆನ್ನು ಹತ್ತಿದ್ದ ಭಯೋತ್ಪಾದನಾ ತನಿಖಾ ವಿಭಾಗದ ಮುಖ್ಯಸ್ಥರೇ ಅಧ್ಯಕ್ಷರ ಹತ್ಯೆಯ ಸಂಚಿನ ಆರೋಪದಲ್ಲಿ ಜೈಲು ಸೇರಿ, ಆ ತನಿಖೆ ನಿಂತುಹೋಗಿತ್ತು.

2019ರ ಏಪ್ರಿಲ್ 21

ಏಪ್ರಿಲ್ 4ರಂದು ಭಾರತದ ಗುಪ್ತಚರರು ಚರ್ಚುಗಳ ಮೇಲೆ ಆತ್ಮಾಹುತಿ ದಾಳಿ ನಡೆಯಬಹುದೆಂದು ಜಹ್ರಾನ್ ಹೆಸರು ಸಹಿತ ಕೊಲಂಬೊಗೆ ತಿಳಿಸಿದರು. ಪತ್ರ ಮೇಜಿನಿಂದ ಮೇಜಿಗೆ ಹೋಯಿತು. ಏಪ್ರಿಲ್ 11ರಂದು ಪೊಲೀಸ್ ಅಧಿಕಾರಿಯೊಬ್ಬರು ಗಣ್ಯರ ಭದ್ರತಾ ವಿಭಾಗಗಳಿಗೆ ಸುತ್ತೋಲೆಯನ್ನೂ ಕಳಿಸಿದರು. ಚರ್ಚುಗಳಿಗೆ ಯಾರೂ ಹೇಳಲಿಲ್ಲ. ಹಿಂದಿನ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಪ್ರಧಾನಿ ರನಿಲ್ ವಿಕ್ರಮಸಿಂಘೆಯವರನ್ನು ವಜಾ ಮಾಡಿದ್ದರು. ನ್ಯಾಯಾಲಯದ ತೀರ್ಪಿನ ನಂತರ ಅವರು ಮರಳಿದ್ದರೂ ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಗೆ ಕರೆಯುತ್ತಿರಲಿಲ್ಲ. ಪೊಲೀಸ್ ಮುಖ್ಯಸ್ಥರಿಗೂ ಆಹ್ವಾನವಿರಲಿಲ್ಲ. ಬಂದೂಕು, ಸೈನಿಕರು, ಗುಪ್ತಚರರು ಎಲ್ಲ ಇದ್ದ ದೇಶದಲ್ಲಿ ಇಬ್ಬರು ನಾಯಕರು ಮಾತು ಬಿಟ್ಟದ್ದೇ ದೊಡ್ಡ ಭದ್ರತಾ ಲೋಪವಾಯಿತು.

ಈಸ್ಟರ್ ಬೆಳಿಗ್ಗೆ ಕೊಲಂಬೊದ ಕೊಚ್ಚಿಕಡೆ ಸಂತ ಅಂತೋಣಿ ದೇವಾಲಯ, ನೆಗೊಂಬೊದ ಸಂತ ಸೆಬಾಸ್ಟಿಯನ್ ಚರ್ಚು, ಮಟ್ಟಕ್ಕಳಪ್ಪಿನ ಜಿಯಾನ್ ಚರ್ಚು, ಕೊಲಂಬೊದ ಶಾಂಗ್ರಿಲಾ, ಸಿನ್ನಮನ್ ಗ್ರ್ಯಾಂಡ್, ಕಿಂಗ್ಸ್‌ಬರಿ ಹೋಟೆಲುಗಳಲ್ಲಿ ಬಾಂಬುಗಳು ಸಿಡಿದವು. 260ಕ್ಕೂ ಹೆಚ್ಚು ಮಂದಿ ಸತ್ತರು. ಜಿಯಾನ್ ಚರ್ಚಿನಲ್ಲಿ ಸತ್ತವರಲ್ಲಿ ಭಾನುವಾರದ ಶಾಲೆ ಮುಗಿಸಿ ತಿಂಡಿಗೆಂದು ಅಂಗಳಕ್ಕೆ ಬಂದಿದ್ದ ಮಕ್ಕಳೂ ಇದ್ದರು. ಶಾಂಗ್ರಿಲಾದ ಉಪಾಹಾರ ಗೃಹದಲ್ಲಿ, ಏಪ್ರಿಲ್ 18ರ ಮತದಾನ ಮುಗಿಸಿ ದಣಿವಾರಿಸಿಕೊಳ್ಳಲು ಕರ್ನಾಟಕದಿಂದ ಹೋಗಿದ್ದ ಜೆಡಿಎಸ್ ಕಾರ್ಯಕರ್ತರಲ್ಲಿ ಹಲವರು ಪ್ರಾಣ ಬಿಟ್ಟರು. ಚುನಾವಣಾ ಪ್ರಚಾರದ ಸದ್ದು ಇನ್ನೂ ಆರದ ಬೆಂಗಳೂರು, ನೆಲಮಂಗಲ, ತುಮಕೂರು ಕಡೆಯ ಮನೆಗಳಿಗೆ ಶವಪೆಟ್ಟಿಗೆಗಳು ಬಂದವು.

ದಾಳಿಕೋರರ ಹಿನ್ನೆಲೆ ಬಡತನದ ವಾದವನ್ನು ಒಪ್ಪುವುದಿಲ್ಲ. ಇಬ್ಬರು ಕೊಲಂಬೊದ ಶ್ರೀಮಂತ ಸಾಂಬಾರ ವ್ಯಾಪಾರಿಯ ಮಕ್ಕಳು, ಒಬ್ಬ ವಿದೇಶದಲ್ಲಿ ಓದಿ ಬಂದವ. ಸತ್ತವರಲ್ಲಿ ಬಹುಪಾಲು ಕ್ರೈಸ್ತರು. ಲಂಕೆಯಲ್ಲಿ ಮುಸ್ಲಿಮರಿಗೂ ಕ್ರೈಸ್ತರಿಗೂ ಹಳೆಯ ವೈರವೇನೂ ಇರಲಿಲ್ಲ. ಊರಿನ ಪಂಥ ಜಗಳ, ದಿಗನದ ಬೆಂಕಿ, ಸಿರಿಯಾದ ಐಸಿಸ್ ಮಾದರಿ ಮೂರೂ ಒಂದೇ ತಲೆಯಲ್ಲಿ ಕೂಡಿಕೊಂಡಾಗ ಗುರಿ ಯಾರೆಂಬುದು ಸ್ಥಳೀಯ ಲೆಕ್ಕದಲ್ಲಿ ನಿಂತಿರಲಿಲ್ಲ. ಗುಪ್ತಚರ ವಿಭಾಗದ ಕೆಲವರಿಗೆ ದಾಳಿಕೋರರೊಡನೆ ನಂಟಿತ್ತೆಂಬ ಆರೋಪ 2023ರಲ್ಲಿ ಬ್ರಿಟನ್ನಿನ ಟಿವಿ ವಾಹಿನಿಯೊಂದರ ಸಾಕ್ಷ್ಯಚಿತ್ರದಲ್ಲಿ ಬಂತು. ಹೆಸರಿಸಲ್ಪಟ್ಟವರು ಅಲ್ಲಗಳೆದರು. ಕ್ಯಾಥೊಲಿಕ್ ಚರ್ಚು ಪೂರ್ಣ ತನಿಖೆಯ ಬೇಡಿಕೆಯನ್ನು ಬಿಟ್ಟಿಲ್ಲ.

2023ರ ಜನವರಿ 12ರಂದು ಶ್ರೀಲಂಕಾದ ಸುಪ್ರೀಂ ಕೋರ್ಟ್, ಮುನ್ಸೂಚನೆ ಇದ್ದೂ ದಾಳಿ ತಡೆಯಲಿಲ್ಲವೆಂದು ಮಾಜಿ ಅಧ್ಯಕ್ಷ ಸಿರಿಸೇನ ತಮ್ಮ ಸ್ವಂತ ಜೇಬಿನಿಂದ 10 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಪೊಲೀಸ್ ಮತ್ತು ಗುಪ್ತಚರ ಮುಖ್ಯಸ್ಥರಿಗೆ ತಲಾ 7.5 ಕೋಟಿ. ದಕ್ಷಿಣ ಏಷ್ಯಾದಲ್ಲಿ ಇಂಥ ತೀರ್ಪು ಅಪರೂಪ.

ದಾಳಿಯ ನಂತರ

ಮೇ 13ರಂದು ಕುರುನೇಗಲ, ಮಿನುವಂಗೊಡ ಕಡೆಗಳಲ್ಲಿ ಮುಸ್ಲಿಮರ ಅಂಗಡಿಗಳು ಸುಟ್ಟುಹೋದವು. ಹಸಲಕ ಎಂಬಲ್ಲಿ ಮಹಿಳೆಯೊಬ್ಬರನ್ನು ಅವರ ಉಡುಪಿನ ಮೇಲೆ ಧರ್ಮಚಕ್ರವಿದೆಯೆಂದು ಬಂಧಿಸಲಾಯಿತು. ಬಟ್ಟೆಯ ಮೇಲಿದ್ದುದು ಹಡಗಿನ ಚುಕ್ಕಾಣಿ ಚಕ್ರದ ಚಿತ್ರ. ಕುರುನೇಗಲದ ಮುಸ್ಲಿಂ ವೈದ್ಯರೊಬ್ಬರು ಸಾವಿರಾರು ಸಿಂಹಳ ಹೆಂಗಸರಿಗೆ ಗುಟ್ಟಾಗಿ ಸಂತಾನಹರಣ ಮಾಡಿದ್ದಾರೆಂದು ಪತ್ರಿಕೆಯೊಂದು ಮುಖಪುಟದಲ್ಲಿ ಬರೆಯಿತು. ಅವರು ಜೈಲು ಕಂಡರು. ತನಿಖಾಧಿಕಾರಿಗಳಿಗೆ ಯಾವ ಸಾಕ್ಷ್ಯವೂ ಸಿಗಲಿಲ್ಲ. ಕೆಲಸಕ್ಕೆ ಮರಳಿದಾಗ ಬಾಕಿ ಸಂಬಳವಾಗಿ ಬಂದ ಲಕ್ಷಾಂತರ ರೂಪಾಯಿಯನ್ನು ಅವರು, 2022ರ ಆರ್ಥಿಕ ಕುಸಿತದಲ್ಲಿ ಔಷಧಿಯಿಲ್ಲದೆ ಒದ್ದಾಡುತ್ತಿದ್ದ ಆಸ್ಪತ್ರೆಗಳಿಗೆ ಔಷಧಿ ಕೊಳ್ಳಲು ಕೊಟ್ಟುಬಿಟ್ಟರು.

ದಾಳಿಯ ರಾಜಕೀಯ ಫಲ ಯುದ್ಧಕಾಲದ ರಕ್ಷಣಾ ಕಾರ್ಯದರ್ಶಿಗೆ ಸಿಕ್ಕಿತು. ಭದ್ರತೆಯೊಂದನ್ನೇ ಮುಂದಿಟ್ಟು ಗೋಟಬಯ ರಾಜಪಕ್ಸ 2019ರ ನವೆಂಬರ್‌ನಲ್ಲಿ ಶೇ 52ರಷ್ಟು ಮತ ಪಡೆದು ಅಧ್ಯಕ್ಷರಾದರು. ಕೋವಿಡ್ ಬಂದಾಗ ಅವರ ಸರ್ಕಾರ ಸತ್ತವರನ್ನೆಲ್ಲ ಸುಡಲೇಬೇಕೆಂದಿತು. ಹೂಳಬಹುದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ಕೇಳಲಿಲ್ಲ. 20 ದಿನದ ಮುಸ್ಲಿಂ ಕೂಸೊಂದನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸುಟ್ಟಾಗ ಎಲ್ಲ ಧರ್ಮದವರೂ ಕೊಲಂಬೊದ ಬೊರೆಲ್ಲ ಸ್ಮಶಾನದ ಬೇಲಿಗೆ ಬಿಳಿ ಬಟ್ಟೆಯ ಚೂರುಗಳನ್ನು ಕಟ್ಟಿದರು. 2021ರ ಅಕ್ಟೋಬರ್‌ನಲ್ಲಿ ‘ಒಂದು ದೇಶ, ಒಂದು ಕಾನೂನು’ ಎಂಬ ಕಾರ್ಯಪಡೆಗೆ ಜ್ಞಾನಸಾರರನ್ನೇ ಮುಖ್ಯಸ್ಥರನ್ನಾಗಿ ಮಾಡಲಾಯಿತು. ಅಂದರೆ, ನ್ಯಾಯಾಂಗ ನಿಂದನೆಗಾಗಿ ಜೈಲಿಗೆ ಹೋಗಿ ಅಧ್ಯಕ್ಷರ ಕ್ಷಮಾದಾನದಿಂದ ಹೊರಬಂದವರ ಕೈಗೆ ಕಾನೂನಿನ ಕೆಲಸ. ಒಂದೊಮ್ಮೆ ಅಪರಾಜಿತರೆನಿಸಿದ್ದ ಗೋಟಬಯರನ್ನು 2022ರ ಜುಲೈನಲ್ಲಿ ದೇಶ ಬಿಟ್ಟು ಓಡಿಸಿದ್ದು ಯಾವ ಉಗ್ರರೂ ಅಲ್ಲ. ಅಡುಗೆ ಅನಿಲ, ಪೆಟ್ರೋಲ್, ಹಾಲಿನ ಪುಡಿಗೆ ಸಾಲು ನಿಂತ ಜನ.

ಬೇರೆಡೆಯ ಅನುಭವ

ಶತ್ರು ರೂಪ ಬದಲಿಸುವುದು ಲಂಕೆಗೆ ಮಾತ್ರ ಸೀಮಿತವಲ್ಲ. ಉತ್ತರ ಐರ್ಲೆಂಡಿನಲ್ಲಿ 1998ರ ಶಾಂತಿ ಒಪ್ಪಂದವಾದ ನಾಲ್ಕೇ ತಿಂಗಳಿಗೆ, ಒಪ್ಪಂದ ಒಪ್ಪದ ಬಣವೊಂದು ಓಮಾ ಪಟ್ಟಣದಲ್ಲಿ ಬಾಂಬಿಟ್ಟು 29 ಜನರನ್ನು ಕೊಂದಿತು. ಇರಾಕಿನಲ್ಲಿ 2003ರಲ್ಲಿ ಸದ್ದಾಂ ಸೇನೆಯನ್ನು ಒಂದೇ ಆದೇಶದಲ್ಲಿ ವಿಸರ್ಜಿಸಿದ್ದರಿಂದ ಮನೆಗೆ ಹೋದ ಅಧಿಕಾರಿಗಳಲ್ಲಿ ಕೆಲವರು ಮುಂದೆ ಐಸಿಸ್‌ನ ಯುದ್ಧ ಯೋಜನೆ ರೂಪಿಸಿದರು. ಕೊಲಂಬಿಯಾದಲ್ಲಿ 2016ರ ಒಪ್ಪಂದದ ನಂತರ ಫಾರ್ಕ್ ಬಂಡುಕೋರರು ಬಿಟ್ಟುಹೋದ ಕಾಡುಗಳಿಗೆ ಸರ್ಕಾರ ಹೋಗುವ ಮೊದಲೇ ಕೊಕೇನ್ ಗುಂಪುಗಳು ಹೋಗಿ ಕೂತವು. ಈ ಮೂರೂ ಕಡೆ ಹೊಸ ಹಿಂಸೆಗೆ ಹಳೆಯ ಹೋರಾಟಗಾರರ ಅಥವಾ ಅವರು ಬಿಟ್ಟುಹೋದ ನೆಲದ ಸಂಬಂಧವಿತ್ತು. ಲಂಕೆಯಲ್ಲಿ ಹಳೆಯ ಹೋರಾಟಗಾರರು ಸುಮ್ಮನಿದ್ದರು, ಯುದ್ಧದಲ್ಲಿ ಬಹುಮಟ್ಟಿಗೆ ಸರ್ಕಾರದ ಪರವಾಗಿದ್ದವರ ಮಕ್ಕಳು ಬಾಂಬು ಕಟ್ಟಿಕೊಂಡರು. ಆ ವ್ಯತ್ಯಾಸಕ್ಕಾಗಿಯೇ ಈ ಪ್ರಕರಣವನ್ನು ಬಿಡಿಯಾಗಿ ಓದಬೇಕು.

ಕಾಯ್ದೆ

ಲಂಕೆಯ ಭಯೋತ್ಪಾದನಾ ತಡೆ ಕಾಯ್ದೆ 1979ರಲ್ಲಿ ತಾತ್ಕಾಲಿಕವೆಂದು ಬಂದು, 1982ರಲ್ಲಿ ಕಾಯಂ ಆಯಿತು. ತಮಿಳು ಯುವಕರ ಮೇಲೆ ಮೊದಲು ಬಿದ್ದ ಅದು 1987–89ರಲ್ಲಿ ಸಿಂಹಳ ಎಡಪಂಥೀಯ ಬಂಡುಕೋರ ಪಕ್ಷವಾದ ಜನತಾ ವಿಮುಕ್ತಿ ಪೆರಮುನ ಅಥವಾ ಜೆವಿಪಿಯ ಕಾರ್ಯಕರ್ತರ ಮೇಲೆ ಬಿತ್ತು, 2019ರ ನಂತರ ಮುಸ್ಲಿಮರ ಮೇಲೆ, 2022ರಲ್ಲಿ ವಿದ್ಯಾರ್ಥಿ ನಾಯಕರ ಮೇಲೆ. ಜೆವಿಪಿ ಎರಡು ಬಾರಿ ಬಂಡಾಯವೆದ್ದು ಹತ್ತಾರು ಸಾವಿರ ಜನರ ಸಾವಿಗೆ ಸಾಕ್ಷಿಯಾಗಿ, ಬಂದೂಕು ಕೆಳಗಿಟ್ಟು ಚುನಾವಣೆಗೆ ಬಂದ ಪಕ್ಷ. ಅದರ ನಾಯಕ ಅನುರ ಕುಮಾರ ದಿಸಾನಾಯಕೆ 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರಾದರು. ನವೆಂಬರ್‌ನಲ್ಲಿ ಅವರ ಮೈತ್ರಿಕೂಟ ಸಂಸತ್ತಿನ 225 ಸ್ಥಾನಗಳಲ್ಲಿ 159 ಗೆದ್ದಿತು. ಜಾಫ್ನಾ ಜಿಲ್ಲೆಯಲ್ಲೂ ಮೊದಲ ಸ್ಥಾನ ಅದಕ್ಕೇ ಸಿಕ್ಕಿತು. ದಕ್ಷಿಣದ ಪಕ್ಷವೊಂದಕ್ಕೆ ಜಾಫ್ನಾ ಹಾಗೆ ಒಲಿದದ್ದು ಹಿಂದೆ ಕಂಡಿರದ ಸಂಗತಿ.

ಈ ಕಾಯ್ದೆಯನ್ನು ರದ್ದು ಮಾಡುತ್ತೇವೆಂಬುದು ಅವರ ಪ್ರಣಾಳಿಕೆಯಲ್ಲಿತ್ತು. ಆದರೂ 2025ರ ಮಾರ್ಚ್‌ನಲ್ಲಿ ಕೊಲಂಬೊದ ಮಾಲ್ ಒಂದರಲ್ಲಿ ಗಾಜಾ ಯುದ್ಧದ ಬಗ್ಗೆ ಇಸ್ರೇಲ್ ವಿರೋಧಿ ಸ್ಟಿಕ್ಕರ್ ಅಂಟಿಸಿದ 22 ವರ್ಷದ ಮುಸ್ಲಿಂ ಯುವಕನನ್ನು ಸಿಸಿಟಿವಿ ನೋಡಿ ಹುಡುಕಿ, ಅದೇ ಕಾಯ್ದೆಯಡಿ ಎರಡು ವಾರ ಬಂಧನದಲ್ಲಿಟ್ಟು ಬಿಡಲಾಯಿತು.